ಸಂಪ್ರಬಂಧದ ಶ್ರಮ ಸಾರ್ಥಕವಾಗಲಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಉನ್ನತ ಶಿಕ್ಷಣ ಸಚಿವರಾಗಿಯೂ ನಮ್ಮ ವಿಶ್ವವಿದ್ಯಾನಿಲಯಗಳ ಸಮಕುಲಾಧಿಪತಿಗಳಾಗಿಯೂ ಇರುವ ತಮ್ಮ ಸನ್ನಿಧಿಗೆ ಕಟ್ಟಡ, ಅನುದಾನ, ನೇಮಕಾತಿಗಳ ವಿಷಯವಾದ ಅಹವಾಲುಗಳು ದಿನವೂ ಬರುತ್ತಿರುವುವು. ನಾನು ನಿವೇದಿಸಬೇಕೆಂದಿರುವುದು ಅವುಗಳಿಗಿಂತ ಅಲ್ಪವಾಗಿ ತೋರುವ, ಆದರೆ ವಿದ್ಯಾಭ್ಯಾಸದ ಮೂಲಕ್ಕೇ ಸಂಬಂಧಿಸಿದ ಒಂದು ಸಂಗತಿಯನ್ನು. ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಪ್ರಬಂಧ ಬರೆಯಬೇಕೆಂದು ನಾವು ವಿಧಿಸುತ್ತೇವೆ. ಅದಕ್ಕೆ ಅಂಕಗಳನ್ನು ಗೊತ್ತುಪಡಿಸುತ್ತೇವೆ. ಒಪ್ಪಿಸಬೇಕಾದ ದಿನವನ್ನು ಸೂಚನಾಫಲಕದಲ್ಲಿ ಪ್ರಕಟಿಸುತ್ತೇವೆ. ಆದರೆ ಅದನ್ನು ಬರೆಯುವ ಕ್ರಮವನ್ನು ಕಲಿಸುವ ಹೊಣೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಹೊರುವುದಿಲ್ಲ.

ಇದರ ಪರಿಣಾಮವನ್ನು ಅಧ್ಯಾಪಕರಾದವರು ಬಲ್ಲರು. ‘ಹೊಯ್ಸಳರ ಕಾಲದ ಸಮಾಜ’ ಎಂಬಂಥ ಅಪಾರ ವಿಸ್ತಾರದ ವಿಷಯವನ್ನು ಆರಿಸಿಕೊಂಡ ವಿದ್ಯಾರ್ಥಿಯು, ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದನ್ನರಿಯದೆ, ಕೈಗೆ ಸಿಕ್ಕಿದ ನಾಲ್ಕಾರು ಗ್ರಂಥಗಳಲ್ಲಿ ತಿಂಗಳುಗಟ್ಟಲೆ ಅಲೆದು, ಕೊನೆಯ ವಾರದಲ್ಲಿ ಅವುಗಳ ವಾಕ್ಯಗಳನ್ನೇ ಒಂದಕ್ಕೊಂದು ಜೋಡಿಸಿ, ಡಿ.ಟಿ.ಪಿ. ಅಂಗಡಿಗೆ ಕೊಟ್ಟು, ಬೈಂಡಿಂಗ್ ಮಾಡಿಸಿ ತಂದೊಪ್ಪಿಸುತ್ತಾನೆ. ಅಂಥವನನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯವೇ ಸರಿ. ಅವನು ಪಟ್ಟ ಶ್ರಮ ಅಲ್ಪವಲ್ಲ. ಕ್ರಮವರಿಯದೆ ಪಟ್ಟುದರಿಂದ ಅದು ನಿಷ್ಫಲವಾಯಿತು.

ಅದೇ ವಿದ್ಯಾರ್ಥಿಗೆ ವಿಷಯವನ್ನು ಪ್ರಶ್ನೆಯಾಗಿ ಮಾರ್ಪಡಿಸಿಕೊಳ್ಳುವುದನ್ನು ಮೊದಲ ತಿಂಗಳಲ್ಲಿಯೇ ಕಲಿಸಿದೆವೆನ್ನಿ. ಬೇಲೂರು ತಾಲ್ಲೂಕಿನ ವೀರಗಲ್ಲುಗಳು ತುರುಗೋಳಿನ ವಿಷಯವಾಗಿ ಏನು ಹೇಳುತ್ತವೆ ಎಂಬಷ್ಟಕ್ಕೆ ಅವನು ತನ್ನ ದೃಷ್ಟಿಯನ್ನು ಸೀಮಿತಗೊಳಿಸಿಕೊಂಡೊಡನೆಯೇ, ಓದಬೇಕಾದುದು ಯಾವುದೆಂಬುದು ತಾನಾಗಿಯೇ ನಿಶ್ಚಿತವಾಗುವುದು. ಬಿ. ಎಲ್. ರೈಸರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳು ಜಿಲ್ಲೆ ತಾಲ್ಲೂಕುಗಳನ್ನು ಅನುಸರಿಸಿ ವಿಂಗಡವಾಗಿರುವುದರಿಂದ, ಹಾಸನ ಜಿಲ್ಲೆಗೆ ಮೀಸಲಾದ ಐದನೆಯ ಸಂಪುಟದಲ್ಲಿ ಬೇಲೂರಿನ ಭಾಗವನ್ನು ತೆರೆದರೆ ಶಾಸನಪಾಠವೂ ಅದರ ಇಂಗ್ಲಿಷ್ ಅನುವಾದವೂ ದೊರೆಯುವುವು. ಅಲ್ಲಿಗೇ ನಿಲ್ಲಬಾರದೆಂಬುದನ್ನೂ ಅವನು ಕಲಿಯಬೇಕು. ಅದೇ ತಾಲ್ಲೂಕಿನ ಹಲ್ಮಿಡಿಯ ಶಾಸನವು ಎಂ. ಎಚ್. ಕೃಷ್ಣರ ಮೂಲಕ 1936ರಲ್ಲಿ ಬೆಳಕಿಗೆ ಬಂದುದಾದಕಾರಣ ರೈಸರ ಸಂಪುಟದಲ್ಲಿ ಅದಕ್ಕೆ ಸ್ಥಾನವಿಲ್ಲ. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ, 1970ರ ದಶಕದಿಂದ ಮೈಸೂರಿನಲ್ಲಿ ಪ್ರಕಟವಾಗತೊಡಗಿದ ಪರಿಷ್ಕೃತ ಸಂಪುಟಗಳನ್ನೂ ನೋಡದವನಿಗೆ ಅಂಥ ಮಹತ್ವದ ಶಾಸನವೇ ಕಣ್ತಪ್ಪಿ ಹೋಗುವುದು.

ಓದಿದ ಮೇಲೆ ಟಿಪ್ಪಣಿ. ಒಂದು ಚೀಟಿಗೆ ಒಂದೇ ಸಂಗತಿ. ಅದರ ತಲೆಯಲ್ಲಿ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ. ಆಕರದ ಮಾತಾದರೆ ಉದ್ಧರಣ ಚಿಹ್ನೆ, ತನ್ನ ಮಾತಾದರೆ ಅದಿಲ್ಲದೆ ಬರೆದುಕೊಳ್ಳುವ ನಿಯಮ: ಇಷ್ಟನ್ನು ಪಾಲಿಸಿದವನು ಅಡಿಟಿಪ್ಪಣಿಗಾಗಿ ಕೊನೆಯ ಗಳಿಗೆಯಲ್ಲಿ ಪರದಾಡುವ ಪ್ರಮೇಯವೂ ಇಲ್ಲ, ಪರರ ವಾಕ್ಯವನ್ನು ತನ್ನದೆಂದು ಭ್ರಮಿಸುವ ಅಪಾಯವೂ ಇಲ್ಲ. ಓದೆಲ್ಲ ಮುಗಿಯಲೆಂದು ಕಾಯದೆ ಅರ್ಧ ಓದಿದಾಗಲೇ ಮೊದಲ ಕರಡನ್ನು ಬರೆಯಲಾರಂಭಿಸಿದರೆ, ಇನ್ನೇನು ಓದಬೇಕೆಂಬುದನ್ನು ಆ ಕರಡೇ ತಿಳಿಸುವುದು. ಪೀಠಿಕೆಯನ್ನು ಎಲ್ಲದರ ಕೊನೆಗೆ ಬರೆಯುವುದು ಕ್ಷೇಮ. ಏನನ್ನು ಸಾಧಿಸಿದೆನೆಂಬುದು ಲೇಖಕನಿಗೆ ಆಗ ಮಾತ್ರ ಸ್ಪಷ್ಟವಾಗಿರುವುದು.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯದ ತಡೆಗಾಗಿ ಹೊರಡಿಸಿದ ನಿಯಮಾವಳಿಯಲ್ಲಿ, ಸಾಮ್ಯವು ಶೇಕಡ 10ನ್ನು ಮೀರಿದರೆ ತಿದ್ದಿ ಮರಳಿ ಒಪ್ಪಿಸಬೇಕೆಂಬುದರಿಂದ ಮೊದಲುಗೊಂಡು, ಶೇಕಡ 60ನ್ನು ಮೀರಿದರೆ ನೋಂದಣಿಯೇ ರದ್ದಾಗಬೇಕೆಂಬುದರವರೆಗೆ ದಂಡನೆಗಳು ಉಕ್ತವಾಗಿವೆ. ಪ್ರತಿ ಸೆಮಿಸ್ಟರಿನಲ್ಲಿಯೂ ಈ ವಿಷಯವಾಗಿ ತಿಳಿವಳಿಕೆ ನೀಡಬೇಕೆಂದೂ ಇದನ್ನು ಪಠ್ಯಕ್ರಮದಲ್ಲಿಯೇ ಸೇರಿಸಬೇಕೆಂದೂ ಹೇಳುವುದು ಅದೇ ನಿಯಮಾವಳಿಯೇ. ದಂಡನೆಯ ವಿಧಿಯನ್ನು ಸ್ಮರಿಸಿ ಬೋಧನೆಯ ವಿಧಿಯನ್ನು ವಿಸ್ಮರಿಸುವುದು ಗುರುಸ್ಥಾನದಲ್ಲಿರುವವರಿಗೆ ಶೋಭಿಸದು.

ಗ್ರಂಥಾಲಯಕ್ಕೂ ಇದರಲ್ಲಿ ಪಾಲುಂಟು. ಬೆಂಗಳೂರಿನಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆಗೂ ತರಬೇತಿಗೂ ಕೇಂದ್ರವೊಂದನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ನರು, 1931ರಷ್ಟು ಹಿಂದೆಯೇ ಪ್ರಕಟಿಸಿದ ತಮ್ಮ ಪಂಚಸೂತ್ರಗಳಲ್ಲಿ ನಾಲ್ಕನೆಯದಾಗಿ, ಓದುಗನ ಕಾಲವನ್ನು ಉಳಿಸುವುದೇ ಗ್ರಂಥಾಲಯದ ಕರ್ತವ್ಯವೆಂದು ಸಾರಿದರು. ಹಗಲೆಲ್ಲ ತರಗತಿಯಲ್ಲಿರುವ ವಿದ್ಯಾರ್ಥಿಗೆ ಸಂಜೆಯ ವೇಳೆ ಬಾಗಿಲು ಮುಚ್ಚುವ ಗ್ರಂಥಾಲಯವು ಈ ಸೂತ್ರವನ್ನು ಪಾಲಿಸಿದಂತಾಗದು.

ಆದಕಾರಣ ತಮ್ಮಲ್ಲಿ ನನ್ನ ಅರಿಕೆ ಇಷ್ಟು: ಸ್ನಾತಕೋತ್ತರ ತರಗತಿಗಳ ಮೊದಲನೆಯ ಸೆಮಿಸ್ಟರಿನಲ್ಲಿಯೇ ಸಂಪ್ರಬಂಧ ರಚನೆಯ ಕ್ರಮವನ್ನು, ಗ್ರಂಥಪಾಲಕರನ್ನೂ ಬೋಧಕರಾಗಿ ಸೇರಿಸಿಕೊಂಡು, ನಿಯತವಾದ ಪಾಠವಾಗಿ ಕಲಿಸುವಂತಾಗಲಿ, ಸೆಮಿಸ್ಟರಿನ ನಡುವೆ ಒಮ್ಮೆ ಅಧ್ಯಾಪಕರು ಕರಡನ್ನೋದಿ ತಿದ್ದಿ ಹಿಂದಿರುಗಿಸುವುದು ಕಡ್ಡಾಯವಾಗಲಿ, ಅದಕ್ಕೆ ಬೇಕಾದ ಬಿಡುವು ಅವರ ಕಾರ್ಯಭಾರದಲ್ಲಿಯೇ ಗಣನೆಗೆ ಬರಲಿ, ಗ್ರಂಥಾಲಯಗಳು ರಾತ್ರಿಯವರೆಗೆ ತೆರೆದಿರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ. ಬರುವ ಶೈಕ್ಷಣಿಕ ವರ್ಷದಿಂದಲೇ ಇವು ಜಾರಿಗೆ ಬರುವಂತೆ ತಾವು ಕುಲಪತಿಗಳಿಗೆ ಸೂಚನೆ ನೀಡಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಅಧ್ಯಾಪಕ