ಬೇಳೆಯಿದೆ, ಪುಡಿಯಿಲ್ಲ

ಬಿಸಿಬೇಳೆ ಹುಳಿಯನ್ನಕ್ಕೆ ಅಕ್ಕಿ, ಬೇಳೆ, ತರಕಾರಿಗಳೆಲ್ಲ ಸಿದ್ಧವಾಗಿ, ಪಾತ್ರೆ ಒಲೆಯೇರಿದ ಮೇಲೆ ಪುಡಿಯ ಡಬ್ಬಿ ಬರಿದಾಗಿರುವುದು ಕಂಡರೆ ಗೃಹಿಣಿಯ ಪಾಡೇನು? ಕಂಪ್ಯೂಟರಿನ ಮುಂದೆ ಕುಳಿತು, ತಂತ್ರಾಂಶವೊಂದನ್ನು ಅದರ ಮೂಲಬರಹದಿಂದಲೇ ಕಟ್ಟಹೊರಟ ತರುಣರ ಪಾಡೂ ಅನೇಕ ವೇಳೆ ಇದೇ.

ತಂತ್ರಾಂಶ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಕಡತವನ್ನು ಕುಗ್ಗಿಸುವುದು, ಸಂದೇಶವನ್ನು ಗುಪ್ತಲಿಪಿಗೆ ತಿರುಗಿಸುವುದು ಮೊದಲಾದ ಕೆಲಸಗಳನ್ನು ಬೇರೆಯವರು ಮಾಡಿಟ್ಟಿರುತ್ತಾರೆ. ಇಂಥ ಸಿದ್ಧ ಭಾಗಗಳ ಕಟ್ಟಿಗೆ ಲೈಬ್ರರಿ ಎಂದು ಹೆಸರು.

ಲೈನಕ್ಸ್ ಯಂತ್ರದಲ್ಲಿ ಪೈಥಾನ್ ಭಾಷೆಯನ್ನು ಕಟ್ಟುವುದನ್ನೇ ನೋಡಬಹುದು. ಅದಕ್ಕೆ ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ಲೈಬ್ರರಿ ಬೇಕು. ಅದು ಯಂತ್ರದಲ್ಲಿ ಮೊದಲೇ ಇದ್ದರೂ ದೊರೆಯಲಿಲ್ಲವೆಂಬ ದೂರು ಬರುವುದುಂಟು. ಕಾರಣ ಸರಳ. ಓಡಿಸುವುದಕ್ಕೆ ಸಿದ್ಧ ಲೈಬ್ರರಿಯೊಂದೇ ಸಾಕು. ಕಟ್ಟುವುದಕ್ಕಾದರೋ ಅದರ ಬಳಕೆಯ ಕ್ರಮವನ್ನು ತಿಳಿಸುವ ‘ಹೆಡರ್’ ಕಡತಗಳೂ ಬೇಕು. ಉಬುಂಟುವಿನಲ್ಲಿ ಇವು ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಎಂಬ ಬೇರೆ ಪೊಟ್ಟಣದಲ್ಲಿರುತ್ತವೆ. ಫೆಡೋರಾದಲ್ಲಿ ಅದರ ಹೆಸರು ‘ಓಪನ್‌ಎಸ್‌ಎಸ್‌ಎಲ್-ಡೆವೆಲ್’.

ಕೆಲಸ ಅಲ್ಲಿಯೇ ನಿಂತರೆ ಒಳ್ಳೆಯದೇ. ಆದರೆ ಪೈಥಾನ್ ನಿಲ್ಲುವುದಿಲ್ಲ. ನೂರಾರು ಸಾಲುಗಳ ಕೊನೆಯಲ್ಲಿ, ಇಂಥ ಭಾಗಗಳನ್ನು ಕಟ್ಟಲಾಗಲಿಲ್ಲವೆಂದು ಮೆಲ್ಲಗೆ ನುಡಿದು ಕೆಲಸವನ್ನು ಮುಗಿಸಿಬಿಡುತ್ತದೆ. ಗೆದ್ದೆನೆಂದು ಬೀಗಿದ ಹುಡುಗ ‘ಪಿಪ್’ ಮೂಲಕ ಅಂತರಜಾಲದಿಂದ ಏನನ್ನಾದರೂ ತರಿಸಹೋದಾಗಲೇ ನಿಜ ಬಯಲಾಗುವುದು. ಆಗ ಹೆಡರ್ ಪೊಟ್ಟಣವನ್ನು ತಂದರಷ್ಟೆ ಸಾಲದು. ‘ಕಾನ್ಫಿಗರ್’, ‘ಮೇಕ್’ ಆಜ್ಞೆಗಳನ್ನು ಮೊದಲಿನಿಂದ ನಡೆಸಿ ಪೈಥಾನನ್ನು ಮರಳಿ ಕಟ್ಟಬೇಕು. ಬೆಂದ ಅನ್ನದ ಪಕ್ಕದಲ್ಲಿ ಪುಡಿಯ ಡಬ್ಬಿಯನ್ನು ಇಟ್ಟಮಾತ್ರಕ್ಕೆ ರುಚಿ ಬಂದೀತೆ? ಆವೃತ್ತಿಯನ್ನೂ ನೋಡಿಕೊಳ್ಳಬೇಕು: 2021ರಲ್ಲಿ ಬಂದ ಪೈಥಾನ್ 3.10ಕ್ಕೆ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಅದಕ್ಕೂ ಹೊಸದೇ ಬೇಕು.

ಇದಕ್ಕಿಂತ ಅಪಾಯಕರವಾದುದು ಅವಸರದ ಉಪಾಯ. 2022ರ ಉಬುಂಟು 22.04ರೊಡನೆ ಓಪನ್‌ಎಸ್‌ಎಸ್‌ಎಲ್ 3 ಬಂದಿತು. ಹಿಂದೆ ಕಟ್ಟಿದ ತಂತ್ರಾಂಶಗಳು 1.1ನ್ನೇ ಕೇಳಿ, ದೊರೆಯದೆ ಸ್ಥಗಿತವಾದವು. ಹೊಸ ಕಡತಕ್ಕೆ ಹಳೆಯ ಹೆಸರು ಕೊಟ್ಟರಾಯಿತೆಂದು ಕೆಲವರು ಬಗೆಯುವುದುಂಟು. ಚೀಟಿ ಬದಲಿಸಿದರೆ ಮೆಂತ್ಯ ಜೀರಿಗೆಯಾಗದು. ಆ ಅಂಕಿ ಅಲಂಕಾರಕ್ಕಲ್ಲ. ಲೈಬ್ರರಿಯ ಒಳವ್ಯವಸ್ಥೆ ಇಂಥದೆಂದು ಕೊಟ್ಟ ಮಾತು ಅದು. ಹಳೆಯ ಲೈಬ್ರರಿಯನ್ನೇ ಹುಡುಕಿ ತರುವುದೂ ಕ್ಷೇಮವಲ್ಲ. 1.1.1ಕ್ಕೆ ಸಾರ್ವಜನಿಕವಾಗಿ ಒದಗುತ್ತಿದ್ದ ದುರಸ್ತಿ 2023ರ ಸೆಪ್ಟೆಂಬರಿಗೆ ಮುಗಿಯಿತು. ಜನರ ಗುಪ್ತಪದಗಳನ್ನೂ ಬ್ಯಾಂಕಿನ ವ್ಯವಹಾರವನ್ನೂ ಕಾಯುವ ಬೀಗ ತುಕ್ಕು ಹಿಡಿದಿದ್ದರೆ, ತಂತ್ರಾಂಶ ಓಡಿದರೂ ಸುಖವೇನು? ಹೊಸ ಲೈಬ್ರರಿಗೆ ಹೊಂದುವಂತೆ ತಂತ್ರಾಂಶವನ್ನೇ ಮರಳಿ ಕಟ್ಟುವುದು, ಇಲ್ಲವೆ ಅದರ ಹೊಸ ಆವೃತ್ತಿಯನ್ನು ತರುವುದು, ಇದೇ ಸರಿಯಾದ ದಾರಿ.

ದೋಷಗಳ ಸುರಿಮಳೆಯಾದಾಗ ಕೊನೆಯದನ್ನು ಹಿಡಿದು ಪೇಚಾಡದೆ ಮೊದಲನೆಯದನ್ನು ಓದಬೇಕು. ಉಳಿದವು ಬಹುಮಟ್ಟಿಗೆ ಅದರ ಮಕ್ಕಳೇ. ಕೇಳಿದ ವಸ್ತು ಇಲ್ಲವೇ ಇಲ್ಲವೋ, ಇದ್ದೂ ಹಳೆಯದೋ, ಹುಡುಕದ ಕಡೆ ಇದೆಯೋ ಎಂಬ ಮೂರು ಪ್ರಶ್ನೆಗಳಲ್ಲಿ ಉತ್ತರ ಸಾಮಾನ್ಯವಾಗಿ ಸಿಕ್ಕುತ್ತದೆ. ಯಂತ್ರದ ದೂರು ಬೈಗುಳವಲ್ಲ, ಅಂಗಡಿಗೆ ಒಯ್ಯಬೇಕಾದ ಸಾಮಾನಿನ ಪಟ್ಟಿ.