ಬೆಲ್ಲದ ತಕ್ಕಡಿಯಲ್ಲಿ ಬಂಗಾರ ತೂಗಬೇಡಿ

ಶಾಲಾ ಕ್ರೀಡಾಕೂಟಗಳ ಕಾಲ ಬಂತೆಂದರೆ ಬಸ್‌ಸ್ಟ್ಯಾಂಡಿಗೆ ಬೇರೆಯೇ ಕಳೆ. ಬೆಳಗಿನ ಮೊದಲ ಬಸ್ಸಿಗೇ ಹುಡುಗ ಹುಡುಗಿಯರ ಗುಂಪು, ಚೀಲದಲ್ಲಿ ಬುತ್ತಿ, ಜತೆಗೆ ಒಬ್ಬರು ಪಿ.ಟಿ. ಮೇಷ್ಟ್ರು. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ. ವರ್ಷವಿಡೀ ಬೆವರು ಸುರಿಸಿದ್ದೆಲ್ಲ ಹದಿಮೂರೋ ಹದಿನಾಲ್ಕೋ ಸೆಕೆಂಡಿನಲ್ಲಿ ತೀರ್ಮಾನ. ನೂರು ಮೀಟರ್ ಓಟ ಅಂದರೆ ಅಷ್ಟೇ.

ಆ ಹದಿನಾಲ್ಕು ಸೆಕೆಂಡೂ ಸಿಗದೆ ಮನೆಗೆ ಹೋಗುವ ಮಗುವಿನ ಪಾಡು ಯೋಚಿಸಿ. ಪಿಸ್ತೂಲಿನ ಸದ್ದಿಗೆ ಮೊದಲೇ ಅಲುಗಾಡಿದೆ ಅಂತ ಓಟ ಬಿಡುವ ಸ್ಟಾರ್ಟರ್ ಮಹಾಶಯರು ಬೊಟ್ಟು ಮಾಡಿದರೆ ಮುಗಿಯಿತು. 'ಫಾಲ್ಸ್ ಸ್ಟಾರ್ಟ್, ನೀನು ಔಟ್!' ಎರಡನೇ ಅವಕಾಶ ಇಲ್ಲ. ಯಾಕೆ ಸಾರ್ ಅಂದರೆ ಬರುವ ಉತ್ತರ ಒಂದೇ: 'ಇಂಟರ್‌ನ್ಯಾಷನಲ್ ರೂಲು ಕಣಪ್ಪ.'

ರೂಲು ಇರುವುದು ನಿಜ. ಆದರೆ ಅದು ಯಾವಾಗ ಬಂತು, ಯಾರಿಗಾಗಿ ಬಂತು, ಯಾವ ಸಾಮಾನಿನ ಜತೆ ಬಂತು ಎಂಬುದನ್ನೂ ಸ್ವಲ್ಪ ನೋಡಬೇಕಲ್ಲ?

2002ರವರೆಗೆ ಪ್ರತಿ ಓಟಗಾರನಿಗೂ ಒಂದು ತಪ್ಪು ಮಾಫಿ. ಎರಡನೇ ಸಲ ಅದೇ ಮಾಡಿದರೆ ಹೊರಗೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಹಿಂದಿನ ಚಾಂಪಿಯನ್ ಲಿನ್ಫರ್ಡ್ ಕ್ರಿಸ್ಟಿ 100 ಮೀಟರ್ ಫೈನಲಿನಲ್ಲಿ ಎರಡು ಸಲ ಮೊದಲೇ ಜಿಗಿದು ಹೀಗೆಯೇ ಹೊರಬಿದ್ದ. ಹತ್ತು ಸೆಕೆಂಡಿನ ಓಟ ಶುರುವಾಗುವಷ್ಟರಲ್ಲಿ ನೋಡುವವರಿಗೆ ಸಾಕುಸಾಕಾಯಿತು. 2003ರಲ್ಲಿ ನಿಯಮ ಬದಲಾಯಿತು. ಮೊದಲ ತಪ್ಪು ಯಾರದ್ದೇ ಇರಲಿ, ಎಚ್ಚರಿಕೆ ಇಡೀ ಸಾಲಿಗೆ. ಆಮೇಲೆ ಯಾರು ಅಲುಗಾಡಿದರೂ ಔಟ್. ಯಾರೋ ಮಾಡಿದ ಸಾಲಕ್ಕೆ ಇನ್ಯಾರೋ ಜಾಮೀನು! ಅದೇ ವರ್ಷ ಪ್ಯಾರಿಸ್ ವಿಶ್ವಕೂಟದಲ್ಲಿ ಅಮೆರಿಕದ ಜಾನ್ ಡ್ರಮಂಡ್ ತನ್ನನ್ನು ಹೊರಹಾಕಿದ್ದಕ್ಕೆ ಟ್ರ್ಯಾಕಿನ ಮೇಲೇ ಅಂಗಾತ ಮಲಗಿಬಿಟ್ಟ. ಎದುರಾಳಿಗಳನ್ನು ಹೆದರಿಸಲು ಬೇಕೆಂದೇ ಮೊದಲ ತಪ್ಪು ಮಾಡುವ ಚಾಲಾಕಿಗಳೂ ಇದ್ದಾರೆಂಬ ದೂರು ಬಂತು. ಟಿ.ವಿ.ಯವರಿಗೆ ವೇಳಾಪಟ್ಟಿ ಕೆಡುವ ಚಿಂತೆ. ಹೀಗಾಗಿ 2010ರಿಂದ ಕತ್ತರಿ ಇನ್ನೂ ಹರಿತವಾಯಿತು. ಒಂದೇ ತಪ್ಪು, ಮನೆಗೆ ನಡಿ. ಡೆಕಾಥ್ಲಾನಿನಂಥ ಹಲವು ಸ್ಪರ್ಧೆಗಳ ಕೂಟಕ್ಕೆ ಮಾತ್ರ ಹಳೆಯ ರಿಯಾಯಿತಿ ಉಳಿಯಿತು.

'ಉಸೇನ್ ಬೋಲ್ಟನನ್ನೇ ಬಿಡಲಿಲ್ಲ, ನಿಮ್ಮ ಹುಡುಗ ಯಾವ ಲೆಕ್ಕ?' ಎನ್ನುವವರಿದ್ದಾರೆ. ಸರಿ, ಬಿಡಲಿಲ್ಲ. 2011ರ ಆಗಸ್ಟ್ 28ರಂದು ದಕ್ಷಿಣ ಕೊರಿಯಾದ ಡೇಗು ವಿಶ್ವಕೂಟದ 100 ಮೀಟರ್ ಫೈನಲಿನಲ್ಲಿ ಬೋಲ್ಟ್ ಮೊದಲೇ ಹಾರಿದ, ಹೊರಗೆ ಹೋದ. ಅವನ ದೇಶದವನೇ ಆದ ಯೋಹಾನ್ ಬ್ಲೇಕ್ 9.92 ಸೆಕೆಂಡಿನಲ್ಲಿ ಗೆದ್ದ. ಆದರೆ ಬೋಲ್ಟನಿಗೆ ಅದೇ ವಾರ 200 ಮೀಟರ್ ಓಟವಿತ್ತು, ಗೆದ್ದ. ಮರುವರ್ಷ ಲಂಡನ್ ಒಲಿಂಪಿಕ್ಸ್ ಇತ್ತು, ಅದನ್ನೂ ಗೆದ್ದ. ಹೋಬಳಿಯಿಂದ ಬಂದ ಹುಡುಗಿಗೆ ಮರುವರ್ಷ ವಯೋಮಿತಿಯೇ ಮೀರಿರುತ್ತದೆ. ಶಿಕ್ಷೆ ಒಂದೇ ಆದರೂ ಪೆಟ್ಟು ಒಂದೇ ಅಲ್ಲ ಸ್ವಾಮೀ.

ಇನ್ನು ಸಾಮಾನಿನ ಮಾತು. ದೊಡ್ಡ ಕೂಟಗಳಲ್ಲಿ ಓಟಗಾರ ಕಾಲಿಟ್ಟು ಒದೆಯುವ ಬ್ಲಾಕಿನಲ್ಲೇ ಯಂತ್ರ ಇರುತ್ತದೆ. ಗುಂಡಿನ ಸದ್ದಿಗೂ ಕಾಲಿನ ಒದೆತಕ್ಕೂ ನಡುವಿನ ಹೊತ್ತನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುತ್ತದೆ. 0.100 ಸೆಕೆಂಡಿಗಿಂತ ಬೇಗ ಒದ್ದರೆ ತಪ್ಪು, ಯಾಕೆಂದರೆ ಸದ್ದು ಕೇಳಿ ಅಷ್ಟು ಬೇಗ ಹೊರಡುವುದು ಮನುಷ್ಯನಿಂದಾಗದು ಎಂಬ ಲೆಕ್ಕ. ಪ್ರತಿ ಓಟಗಾರನ ಬೆನ್ನ ಹಿಂದೆ ಸ್ಪೀಕರು ಇರುತ್ತದೆ, ಸದ್ದು ಎಲ್ಲರಿಗೂ ಒಟ್ಟಿಗೇ ಮುಟ್ಟಲಿ ಅಂತ.

ಇಷ್ಟೆಲ್ಲ ಇದ್ದರೂ ಜಗಳ ತಪ್ಪಿಲ್ಲ. 2022ರ ಜುಲೈನಲ್ಲಿ ಅಮೆರಿಕದ ಯೂಜೀನ್ ವಿಶ್ವಕೂಟದ 110 ಮೀಟರ್ ಹರ್ಡಲ್ಸ್ ಫೈನಲಿನಲ್ಲಿ ಡೆವೊನ್ ಆಲನ್ 0.099 ಸೆಕೆಂಡಿಗೆ ಹೊರಟ ಅಂತ ಯಂತ್ರ ಹೇಳಿತು. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಓಟವೇ ಹೋಯಿತು. ತವರಿನ ಜನ ಕೂಗಿದ್ದೇ ಕೂಗಿದ್ದು. ಆ 0.100ರ ಗೆರೆಯೇ ಸರಿಯಿಲ್ಲ, ಅದನ್ನು 0.080ರ ಆಸುಪಾಸಿಗೆ ಇಳಿಸಬಹುದು ಎಂದು 2009ರಲ್ಲೇ ಫಿನ್ಲೆಂಡಿನ ಅಧ್ಯಯನವೊಂದು ಹೇಳಿತ್ತು.

ಈಗ ತಾಲ್ಲೂಕು ಮೈದಾನಕ್ಕೆ ಬನ್ನಿ. ಯಂತ್ರ ಎಲ್ಲಿದೆ? ಸ್ಪೀಕರು ಎಲ್ಲಿದೆ? ಇರುವುದು ಸುಣ್ಣದ ಗೆರೆ, ಒಂದು ಪಿಸ್ತೂಲು, ಅದೂ ಇಲ್ಲದಿದ್ದರೆ ಎರಡು ಹಲಗೆ ಬಡಿಯುವ ಕ್ಲ್ಯಾಪರು ಇಲ್ಲವೇ ಸೀಟಿ. ಸ್ಟಾರ್ಟರ್ ಒಂದು ಬದಿಗೆ ನಿಂತಿರುತ್ತಾರೆ. ಲೇನಿನ ಅಗಲ 1.22 ಮೀಟರ್. ಒಂದನೇ ಲೇನಿನಿಂದ ಎಂಟನೇ ಲೇನಿಗೆ ಸುಮಾರು ಎಂಟೂವರೆ ಮೀಟರ್. ಸದ್ದು ಅಷ್ಟು ದೂರ ಹೋಗಲು 0.025 ಸೆಕೆಂಡು ಬೇಕು. ಅಂದರೆ ಆಚೆ ತುದಿಯ ಹುಡುಗನಿಗೆ ಈಚೆ ತುದಿಯವನಿಗಿಂತ ತಡವಾಗಿ ಕೇಳುತ್ತದೆ. ಡೆವೊನ್ ಆಲನ್ ಓಟ ಕಳೆದುಕೊಂಡಿದ್ದು ಇದರ ಇಪ್ಪತ್ತೈದರಲ್ಲಿ ಒಂದು ಪಾಲಿಗೆ! ಇನ್ನು ಗಡಿಯಾರ ಒತ್ತುವುದು ಕೈಯಲ್ಲಿ. ಕೈಗಡಿಯಾರದ ಲೆಕ್ಕವನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಬರೆಯುವಂತಿಲ್ಲ ಅಂತ ನಿಯಮವೇ ಹೇಳುತ್ತದೆ. ಗೆದ್ದವನ ಕಾಲವನ್ನೇ ಇಷ್ಟು ದಪ್ಪವಾಗಿ ಅಳೆಯುವ ಕಡೆ, ಹೊರಹಾಕುವುದು ಮಾತ್ರ ಅಷ್ಟು ಹರಿತವಾಗಿಯೇ?

ಪೇಟೆಯ ಅಂಗಡಿಯವರನ್ನು ಕೇಳಿ. ಬೆಲ್ಲ ತೂಗುವ ತಕ್ಕಡಿ ಬೇರೆ, ಬಂಗಾರ ತೂಗುವ ತಕ್ಕಡಿ ಬೇರೆ. ಬೆಲ್ಲದ ತಕ್ಕಡಿ ಸುಳ್ಳು ಅಂತಲ್ಲ, ಅದರ ಕೆಲಸಕ್ಕೆ ಅದು ಸರಿಯೇ. ಆದರೆ ಅದರಲ್ಲಿ ಉಂಗುರ ತೂಗಿ, ಗುಲಗಂಜಿ ಕಮ್ಮಿ ಬಂತು ಅಂತ ಗಿರಾಕಿಯನ್ನು ಕಳ್ಳ ಅಂದರೆ ಯಾರಾದರೂ ಒಪ್ಪುತ್ತಾರೆಯೇ?

'ಹಾಗಾದರೆ ಶಿಸ್ತು ಬೇಡವೇ? ನಾಳೆ ರಾಜ್ಯಮಟ್ಟಕ್ಕೆ ಹೋದಾಗ ಅಲ್ಲಿ ಯಾರು ಮಾಫಿ ಮಾಡುತ್ತಾರೆ?' ಈ ಪ್ರಶ್ನೆ ನ್ಯಾಯವಾದದ್ದೇ. ಮೊದಲೇ ಹಾರಿ ಗೆದ್ದವನನ್ನು ಹಾಗೇ ಬಿಟ್ಟರೆ ನಿಯತ್ತಾಗಿ ಕಾದವನಿಗೆ ಮೋಸ. ಆದರೆ ಶಿಸ್ತು ಓಡುವವನಿಗೆ ಮಾತ್ರವಲ್ಲ, ಓಟ ಬಿಡುವವನಿಗೂ ಇದೆ. ಕಂಡಕ್ಟರ್ ಸೀಟಿ ಊದುವ ಮುಂಚೆ ಡ್ರೈವರ್ ಬಸ್ಸು ಬಿಟ್ಟರೆ ತಪ್ಪು ಡ್ರೈವರನದ್ದು. ಜನ ಮೆಟ್ಟಿಲ ಮೇಲೆ ಇರುವಾಗಲೇ ಸೀಟಿ ಊದಿದರೆ ತಪ್ಪು ಯಾರದ್ದು? 'ಸೆಟ್' ಅಂದ ಮೇಲೆ ಎಲ್ಲರೂ ಅಲುಗಾಡದೆ ನಿಂತರೇ ಅಂತ ನೋಡಿ, ಆಮೇಲಷ್ಟೇ ಗುಂಡು ಹಾರಿಸಬೇಕು. ನಿಲ್ಲದಿದ್ದರೆ ಎಲ್ಲರನ್ನೂ ಎಬ್ಬಿಸಿ ಮತ್ತೆ ಶುರು ಮಾಡಬೇಕು. ಇದೂ ಇಂಟರ್‌ನ್ಯಾಷನಲ್ ರೂಲೇ. ಇದನ್ನು ಯಾಕೆ ಮರೆಯುತ್ತೀರಿ?

ಇನ್ನೊಂದು ರೂಲೂ ಇದೆ. ಒಬ್ಬ ಮೊದಲೇ ಹಾರಿದರೆ ಪಕ್ಕದವನೂ ಬೆದರಿ ಹಾರುವುದು ಸಹಜ. ಆಗ ಕಾರಣನಾದವನಿಗೆ ಮಾತ್ರ ಶಿಕ್ಷೆ, ಹಿಂಬಾಲಿಸಿದವನಿಗಲ್ಲ. 2023ರ ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 100 ಮೀಟರ್ ಹರ್ಡಲ್ಸ್ ಫೈನಲ್ ನೆನಪಿದೆಯೇ? ಚೀನಾದ ವು ಯಾನ್ನಿ ಮೊದಲು ಹೊರಟಳು, ಪಕ್ಕದಲ್ಲಿದ್ದ ಭಾರತದ ಜ್ಯೋತಿ ಯರ್ರಾಜಿಯೂ ಎದ್ದಳು. ಅಧಿಕಾರಿಗಳು ಮೊದಲು ಜ್ಯೋತಿಯನ್ನೂ ಹೊರಹಾಕಲು ಹೊರಟರು. ಆಕೆ ಜಗ್ಗಲಿಲ್ಲ, ವಾದಿಸಿದಳು. ಚಿತ್ರ ಮತ್ತೆ ನೋಡಿದರು, ಇಬ್ಬರಿಗೂ ಆಕ್ಷೇಪದ ಮೇಲೆ ಓಡಲು ಬಿಟ್ಟರು. ಓಟದ ನಂತರ ವು ಅನರ್ಹಳಾದಳು. 12.91 ಸೆಕೆಂಡಿನಲ್ಲಿ ಮೂರನೆಯವಳಾಗಿ ಗುರಿ ಮುಟ್ಟಿದ್ದ ಜ್ಯೋತಿಗೆ ಬೆಳ್ಳಿ ಪದಕ ಬಂತು. ಆಕೆಗೆ ರೂಲು ಗೊತ್ತಿತ್ತು, ಬಾಯಿ ಇತ್ತು, ಕ್ಯಾಮೆರಾ ಇತ್ತು. ಹಳ್ಳಿಯಿಂದ ಬಂದ ಎಂಟನೇ ಕ್ಲಾಸಿನ ಹುಡುಗಿಗೆ ಇದರಲ್ಲಿ ಯಾವುದಿದೆ?

ಆದ್ದರಿಂದ ಕ್ರೀಡಾಕೂಟ ನಡೆಸುವವರು ಇಷ್ಟು ಮಾಡಲಿ. ಯಂತ್ರವಿಲ್ಲದ ಹೋಬಳಿ, ತಾಲ್ಲೂಕು ಕೂಟಗಳಲ್ಲಿ ಪ್ರತಿ ಮಗುವಿಗೂ ಒಂದು ಎಚ್ಚರಿಕೆ ಇರಲಿ, ಎರಡನೆಯದಕ್ಕೆ ಔಟ್. ಇಡೀ ಸಾಲಿಗೆ ಎಚ್ಚರಿಕೆ ಕೊಡುವ 2003ರ ಪದ್ಧತಿ ಮಾತ್ರ ಬೇಡವೇ ಬೇಡ. ಇದನ್ನು ಬೆಳಿಗ್ಗೆಯೇ ಮೈಕಿನಲ್ಲಿ ಕನ್ನಡದಲ್ಲಿ ಹೇಳಲಿ. ಅಂದಹಾಗೆ, ಊರ ಕೂಟಗಳಲ್ಲಿ ಸ್ಟಾರ್ಟರ್ ತನ್ನ ಭಾಷೆಯಲ್ಲೇ ಆಜ್ಞೆ ಕೊಡಲು ನಿಯಮದ ಅಡ್ಡಿಯಿಲ್ಲ. ಸ್ಟಾರ್ಟರ್ ಜತೆ ಇನ್ನೊಂದು ಬದಿಯಲ್ಲಿ ಓಟ ವಾಪಸು ಕರೆಯುವ ಮತ್ತೊಬ್ಬರು ನಿಲ್ಲಲಿ. ಓಡುವ ಮಕ್ಕಳ ಶಾಲೆಯ ಮೇಷ್ಟ್ರೇ ಆ ಓಟಕ್ಕೆ ಸ್ಟಾರ್ಟರ್ ಆಗುವುದು ಬೇಡ. ಅನುಮಾನ ಬಂದರೆ ಓಡಲು ಬಿಡಿ, ಫಲಿತಾಂಶ ತಡೆಹಿಡಿದು ಆಮೇಲೆ ವಿಚಾರಿಸಿ. ಯಾರದ್ದಾದರೂ ಮೊಬೈಲಿನಲ್ಲಿ ಚಿತ್ರ ಇದ್ದೇ ಇರುತ್ತದೆ. ಹೊರಹಾಕಲೇಬೇಕಾಗಿ ಬಂದರೆ, ಮಗುವನ್ನು ಹತ್ತಿರ ಕರೆದು ತಪ್ಪೇನೆಂದು ಬಾಯಿಬಿಟ್ಟು ಹೇಳಿ.

ಇದಕ್ಕೆಲ್ಲ ಸರ್ಕಾರದ ಅನುದಾನ ಬೇಕಿಲ್ಲ, ಮಂತ್ರಿಗಳ ಉದ್ಘಾಟನೆಯೂ ಬೇಕಿಲ್ಲ. ಉದ್ಘಾಟನೆ ಭಾಷಣಕ್ಕೆ ಹೋಗುವ ಹೊತ್ತಿನಲ್ಲಿ ಐದು ನಿಮಿಷ ಉಳಿಸಿದರೆ ಎಷ್ಟು ಓಟಗಳನ್ನು ಮತ್ತೆ ಬಿಡಬಹುದು, ಲೆಕ್ಕ ಹಾಕಿ.