ರೋಗಿಯೂ ವಿದ್ಯಾರ್ಥಿಯೇ



ದೊಡ್ಡ ಕರುಳಿನ ಚಿತ್ರವನ್ನು ನಾವು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆವೋ ಲೆಕ್ಕವಿಲ್ಲ. ಆದರೆ ಅದೇ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರು ಭಾಗವಾದ ಗುದನಾಳದಲ್ಲಿ ನಮಗೇ ರೋಗವು ಹುಟ್ಟಿದಾಗ, ಅದನ್ನು ಬಾಯಿಬಿಟ್ಟು ಹೇಳಲು ನಾಚಿದೆವು. ಮಲದೊಡನೆ ರಕ್ತ ಬೀಳುತ್ತಿದ್ದುದನ್ನು ಮನೆಯವರಿಗೂ ತಿಳಿಸದೆ, ಮೂಲವ್ಯಾಧಿಯೆಂದು ನಾವೇ ತೀರ್ಮಾನಿಸಿ, ಎಂಟು ತಿಂಗಳ ಕಾಲ ಯಾರೋ ಕೊಟ್ಟ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದೆವು. ಪುಡಿ ಕೊಟ್ಟವರು ಪರೀಕ್ಷಿಸಲಿಲ್ಲ. ಪರೀಕ್ಷಿಸಿರೆಂದು ನಾವೂ ಕೇಳಲಿಲ್ಲ. ಮಲವಿಸರ್ಜನೆಯಾದ ಮೇಲೂ ಇನ್ನೂ ಉಳಿದಿದೆಯೆಂಬ ಭಾವನೆ, ತೂಕದ ಇಳಿತ, ಮುಖದ ಬಿಳಿಚು ಇವೆಲ್ಲ ಸೇರಿದ ಮೇಲೆ ವೈದ್ಯರಲ್ಲಿಗೆ ಹೋದೆವು. ಅವರು ಕೈಗವಸು ಧರಿಸಿ ಬೆರಳಿನಿಂದ ಮಾಡಿದ ಎರಡು ನಿಮಿಷದ ಪರೀಕ್ಷೆಯಲ್ಲಿಯೇ ಗಂಟು ಸಿಕ್ಕಿತು. ಕೊಲೊನೊಸ್ಕೋಪಿ, ಬಯಾಪ್ಸಿಗಳಾದ ಬಳಿಕ ಅದು ಕ್ಯಾನ್ಸರೆಂದು ಖಚಿತವಾಯಿತು.

ವರದಿಯು ಇಂಗ್ಲಿಷಿನಲ್ಲಿತ್ತು. ವೈದ್ಯರು 'ಪೆದ್ದಪ್ರೇಗು' ಎಂದು ತೆಲುಗಿನಲ್ಲಿ ವಿವರಿಸಿದರು. ಮನೆಯಲ್ಲಿ ಕಾದು ಕುಳಿತಿದ್ದವರಿಗೆ ಅದನ್ನು ಕನ್ನಡದಲ್ಲಿ ಹೇಳಬೇಕಾಗಿತ್ತು. ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಸೇರಿದಂದಿನಿಂದ ನಮ್ಮವರ ಪಾಡು ಇದೇ ಆಗಿದೆ. ಆದರೆ ರೋಗದ ಹೊತ್ತಿನಲ್ಲಿ ಒಂದು ಮಾತು ತಪ್ಪಾಗಿ ತಿಳಿದರೂ ಪ್ರಾಣಕ್ಕೆ ಕುತ್ತೆಂಬುದು ಅಂದು ಮನದಟ್ಟಾಯಿತು.

ಆ ರಾತ್ರಿ ಮಗನ ಮೊಬೈಲಿನಲ್ಲಿ ಸಿಕ್ಕುದನ್ನೆಲ್ಲ ಓದಿದೆವು. ಒಂದೆಡೆ ಅಡಿಗೆ ಸೋಡದಿಂದ ಗುಣವಾಗುವುದೆಂದಿತ್ತು. ಇನ್ನೊಂದೆಡೆ ಬದುಕುವವರ ಶೇಕಡಾವಾರು ಲೆಕ್ಕವಿತ್ತು. ಮೊದಲನೆಯದು ಸುಳ್ಳು. ಎರಡನೆಯದು ಸಾವಿರಾರು ರೋಗಿಗಳ ಸರಾಸರಿಯೇ ಹೊರತು ನಮ್ಮೊಬ್ಬರ ಜಾತಕವಲ್ಲ. ಅಲ್ಪವಿದ್ಯೆ ಮಹಾಗರ್ವಿ ಎಂಬ ಗಾದೆಗೆ ಮಹಾಭಯವನ್ನೂ ಸೇರಿಸಬೇಕೆಂದು ತೋರಿತು.

ಬೆಳಗಾದ ಮೇಲೆ ಒಂದು ನೋಟುಬುಕ್ಕನ್ನು ತೆಗೆದುಕೊಂಡು, ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ವೈದ್ಯರ ಉತ್ತರವೆಂದು ಗೆರೆ ಎಳೆದೆವು. ಗಂಟು ಗುದದ್ವಾರದಿಂದ ಎಷ್ಟು ಸೆಂಟಿಮೀಟರು ಮೇಲಿದೆ? ಕರುಳಿನ ಗೋಡೆಯನ್ನು ದಾಟಿದೆಯೆ? ಹಾಲುರಸ ಗ್ರಂಥಿಗಳಿಗೆ, ಯಕೃತ್ತಿಗೆ, ಶ್ವಾಸಕೋಶಕ್ಕೆ ಹಬ್ಬಿದೆಯೆ? ಯಾವ ಹಂತ? ಮೊದಲು ವಿಕಿರಣವೋ, ಔಷಧಿಯೋ, ಶಸ್ತ್ರಚಿಕಿತ್ಸೆಯೋ? ವೈದ್ಯರು ಬೇಸರಿಸಲಿಲ್ಲ, ಉತ್ತರಗಳನ್ನು ಚಿತ್ರ ಬರೆದು ತೋರಿಸಿದರು. ಈ ರೋಗದಲ್ಲಿ ಎಂ.ಆರ್.ಐ. ಮತ್ತು ಸಿ.ಟಿ. ಚಿತ್ರಗಳನ್ನು ನೋಡದೆ ಕತ್ತಿ ಹಿಡಿಯಲು ಅವಸರಿಸಬಾರದೆಂಬುದೂ, ಗಂಟು ಆಳಕ್ಕೆ ಇಳಿದಿದ್ದರೆ ಮೊದಲು ವಿಕಿರಣದಿಂದ ಅದನ್ನು ಕುಗ್ಗಿಸುವುದು ವಾಡಿಕೆಯೆಂಬುದೂ ತಿಳಿಯಿತು. ಜನರು 'ಕರೆಂಟು ಕೊಡುವುದು' ಎನ್ನುವ ಈ ಚಿಕಿತ್ಸೆಯು ನಮಗೆ ವಾರಕ್ಕೆ ಐದು ದಿನದಂತೆ ಐದು ವಾರಗಳಿಗೂ ಮೀರಿ ನಡೆಯಿತು. ಅದರಲ್ಲಿ ವಿದ್ಯುತ್ತಿನ ಆಘಾತವೇನೂ ಇಲ್ಲ.

ಉತ್ತರಗಳಲ್ಲಿ ಒಂದು ಮಾತ್ರ ನಮ್ಮನ್ನು ಕುಗ್ಗಿಸಿತು. ಗಂಟು ಗುದದ್ವಾರಕ್ಕೆ ತೀರ ಸಮೀಪದಲ್ಲಿದ್ದುದರಿಂದ ಅದನ್ನು ತೆಗೆದ ಮೇಲೆ ಮಲಕ್ಕೆ ಹೊಟ್ಟೆಯ ಮೇಲೆಯೇ ದಾರಿ ಮಾಡಿ, ಜೀವನಪರ್ಯಂತ ಚೀಲವನ್ನು ಧರಿಸಬೇಕಾಗುವುದೆಂದರು. ಮಕ್ಕಳೆದುರು ನಿಲ್ಲುವುದು ಹೇಗೆ? ಶಸ್ತ್ರಚಿಕಿತ್ಸೆಯೇ ಬೇಡವೆಂದು ಎರಡು ವಾರ ಹಟ ಹಿಡಿದೆವು. ನಮ್ಮ ಮನೆಯವರೇ ಆ ನೋಟುಬುಕ್ಕಿನಲ್ಲಿ ಮುಂದಿನ ಪ್ರಶ್ನೆ ಬರೆಸಿದರು: 'ಚೀಲ ಹಾಕಿಕೊಂಡವರು ಹೇಗೆ ಬದುಕುತ್ತಾರೆ?' ಇದಕ್ಕೆ ಉತ್ತರ ಕೊಟ್ಟವರು ಆಸ್ಪತ್ರೆಯ ದಾದಿಯೊಬ್ಬರು. ಈ ಶಸ್ತ್ರಕ್ರಿಯೆಯನ್ನು ಇಂಗ್ಲೆಂಡಿನ ಮೈಲ್ಸ್ ಎಂಬ ವೈದ್ಯರು 1908ರಷ್ಟು ಹಿಂದೆಯೇ ವಿವರಿಸಿದ್ದರು; ಇಂದಿನ ಚೀಲಗಳು ಚರ್ಮಕ್ಕೆ ಅಂಟಿಕೊಂಡು ವಾಸನೆಯನ್ನು ತಡೆಯುತ್ತವೆ; ಅಂಗಿಯ ಕೆಳಗೆ ಕಾಣುವುದಿಲ್ಲ. ಸ್ನಾನ, ಪ್ರಯಾಣ, ಉದ್ಯೋಗ ಯಾವುದಕ್ಕೂ ಅಡ್ಡಿಯಿಲ್ಲ. ಈಗ ನಾವು ಶಾಲೆಗೆ ಮರಳಿದ್ದೇವೆ. ಪಾಠ ಹೇಳುವಾಗ ಚೀಲವು ಮೈಮೇಲೆಯೇ ಇರುತ್ತದೆ. ಮಕ್ಕಳ ಗಮನವೆಲ್ಲ ಕಪ್ಪುಹಲಗೆಯ ಮೇಲಿರುತ್ತದೆ.

ಖರ್ಚಿನ ವಿಷಯವನ್ನೂ ಮೊದಲೇ ವಿಚಾರಿಸಬೇಕು. 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾಗಿ ಈಗ ಎನ್.ಟಿ.ಆರ್. ವೈದ್ಯಸೇವೆ ಎನಿಸಿಕೊಂಡಿರುವ ರಾಜ್ಯದ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಕನ್ನಡದಲ್ಲಿ ಮಾತನಾಡುವ ವೈದ್ಯರು ಬೇಕೆಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥಲ್ಲಿಗೆ ಹೋಗುವವರು, ಈ ರಾಜ್ಯದ ಕಾರ್ಡು ಅಲ್ಲಿ ನಡೆಯುವುದೇ ಎಂದು ಹೊರಡುವ ಮುನ್ನವೇ ಕೇಳಿ ತಿಳಿಯಲಿ. ಬಯಾಪ್ಸಿಯ ವರದಿ, ಸ್ಕ್ಯಾನಿನ ಫಿಲ್ಮು, ಬಿಡುಗಡೆ ಚೀಟಿ ಎಲ್ಲದರ ಪ್ರತಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕು.

ಕೊನೆಯ ಪ್ರಶ್ನೆ ನಮ್ಮದಲ್ಲ, ಒಡಹುಟ್ಟಿದವರದು. ಈ ರೋಗವು ಅಂಟುರೋಗವಲ್ಲ. ಆದರೆ ರಕ್ತಸಂಬಂಧಿಗಳಿಗೆ ಇದರ ಅಪಾಯ ಇತರರಿಗಿಂತ ಹೆಚ್ಚು. ಆದುದರಿಂದ ತಮ್ಮನನ್ನು ಒತ್ತಾಯದಿಂದ ಪರೀಕ್ಷೆಗೆ ಕಳುಹಿಸಿದೆವು. ಅವನ ಕರುಳಿನಲ್ಲಿ ಸಣ್ಣದೊಂದು ದುರ್ಮಾಂಸ ಸಿಕ್ಕಿತು. ಕೊಲೊನೊಸ್ಕೋಪಿಯ ಹೊತ್ತಿನಲ್ಲಿಯೇ ಅದನ್ನು ತೆಗೆದರು. ಇಂಥವುಗಳಲ್ಲಿ ಕೆಲವು ಹಲವು ವರ್ಷಗಳಲ್ಲಿ ಕ್ಯಾನ್ಸರಾಗಿ ಬೆಳೆಯುತ್ತವೆಯಂತೆ. 'ಅಣ್ಣಾ, ನೀನು ನಾಚಿಕೆಪಟ್ಟಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ' ಎಂದ. ನಾಚಿಕೆಯಲ್ಲಿ ನಾವು ಕಳೆದ ಎಂಟು ತಿಂಗಳ ಮಾತನ್ನು ಅವನಿಗೆ ಇನ್ನೂ ಹೇಳಿರಲಿಲ್ಲ, ಅಂದು ಹೇಳಿದೆವು.

ಮಲದಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿಯೇ ಇರಬಹುದು. ಆದರೆ ಹಾಗೆಂದು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು, ನಾವಲ್ಲ.